ದಾರ ಮತ್ತು ಧಾರೆ

ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಲ್ಲಿ ಏಳೆಂಟು ಕಿಲೋಮೀಟರು ತೆಂಕಣಕ್ಕೆ ಸಾಗಿದರೆ ಧಾರೇಶ್ವರ ಸಿಗುತ್ತದೆ. ಪಡುವಲಲ್ಲಿ ಕಡಲು, ಮೂಡಲಲ್ಲಿ ಗುಡ್ಡ. ನಡುವೆ ತೆಂಗಿನ ಹಿತ್ತಿಲುಗಳು, ಗದ್ದೆಗಳು, ಒಂದು ಹಳೆಯ ಶಿವಾಲಯ. ಗೋಕರ್ಣದಲ್ಲಿ ನೆಲಕ್ಕಂಟಿಹೋದ ಆತ್ಮಲಿಂಗವನ್ನು ಕೀಳಲಾರದೆ ರಾವಣನು ಅದರ ಸಂಪುಟವನ್ನೂ ಮುಚ್ಚಳವನ್ನೂ ಹೊದಿಸಿದ ವಸ್ತ್ರವನ್ನೂ ಸುತ್ತಿದ ದಾರವನ್ನೂ ಸಿಟ್ಟಿನಿಂದ ಬೀಸಿ ಎಸೆದನೆಂದೂ, ಅವು ಬಿದ್ದ ಎಡೆಗಳೆಲ್ಲ ಶಿವಕ್ಷೇತ್ರಗಳಾದುವೆಂದೂ ನಮ್ಮ ಕರಾವಳಿಯ ಸ್ಥಳಕಥೆ ಹೇಳುತ್ತದೆ. ವಸ್ತ್ರ ಬಿದ್ದುದು ಮುರುಡೇಶ್ವರದಲ್ಲಿ. ದಾರ ಬಿದ್ದುದು ನಮ್ಮೂರಿನಲ್ಲಿ. ಆದುದರಿಂದಲೇ ಇದು ಧಾರೇಶ್ವರ ಎಂದು ಹಿರಿಯರ ನಂಬಿಕೆ.

ಈ ನಿರುಕ್ತಿಯನ್ನು ನಾನು ತರಗತಿಯಲ್ಲಿ ಮಂಡಿಸಿದರೆ ನನ್ನ ವಿದ್ಯಾರ್ಥಿಗಳೇ ನಕ್ಕಾರು. ದಾರ ಬೇರೆ, ಧಾರೆ ಬೇರೆ. ಒಂದು ನೂಲು, ಮತ್ತೊಂದು ಹರಿವು. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ಅಂತರವನ್ನು ವರ್ಷವಿಡೀ ತಿದ್ದುವ ಅಧ್ಯಾಪಕನು ಊರಿನ ಮೇಲಣ ಮೋಹದಿಂದ ಅದನ್ನು ಮರೆಯಲಾಗದು. ಆದರೆ ಈ ಎರಡು ಶಬ್ದಗಳೂ ಒಂದೇ ವಸ್ತುವಿಗೆ ಸಲ್ಲುವ ಒಂದು ಸಂದರ್ಭವುಂಟೆಂದು ಮೂರು ವರ್ಷಗಳ ಹಿಂದೆ ನನ್ನ ಬಲಗೈಯೇ ನನಗೆ ಕಲಿಸಿತು. ಆ ಪಾಠವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಅದು ಆಷಾಢ. ರಜೆಗೆಂದು ಘಟ್ಟದ ಮೇಲಿನಿಂದ ಊರಿಗೆ ಬಂದಿದ್ದೆ. ರಾತ್ರಿ ಎದ್ದ ಗಾಳಿಗೆ ಕಡಲ ಕಡೆಯ ಕಿಟಕಿ ಬಡಿದುಕೊಳ್ಳತೊಡಗಿತು. ಅದನ್ನು ಮುಚ್ಚಲು ಅಂಗೈಯಿಂದ ಒತ್ತಿದೆ. ಗಾಜು ಒಡೆದು ಕೈ ಆಚೆಗೆ ನುಗ್ಗಿತು. ಮಣಿಕಟ್ಟಿನ ಒಳಮೈಯಲ್ಲಿ ಮೂರು ಬೆರಳಗಲದ ಗಾಯ. ಆಯಿ ತನ್ನ ಸೀರೆಯ ಸೆರಗನ್ನೇ ಹರಿದು ಕಟ್ಟಿದಳು. ಆ ರಾತ್ರಿ ಹತ್ತಿರದಲ್ಲಿ ದೊರೆತ ಚಿಕಿತ್ಸೆಯಲ್ಲಿ ರಕ್ತ ನಿಲ್ಲಿಸಿ ಚರ್ಮವನ್ನು ಹೊಲಿದರು. ಬೆರಳುಗಳು ಜೋಮು ಹಿಡಿದಂತಿವೆ ಎಂದು ನಾನು ಹೇಳಿದೆ. ಬಾವು ಇಳಿದ ಮೇಲೆ ಸರಿಹೋಗುವುದೆಂದರು. ನಾನೂ ನಂಬಿದೆ.

ನಾಲ್ಕನೆಯ ದಿನ ಆಯಿ ಚಹ ತಂದಿಟ್ಟಳು. ಸ್ಟೀಲಿನ ಲೋಟವನ್ನು ಬಲಗೈಯಿಂದ ಎತ್ತಿ, ಮಾತನಾಡುತ್ತ ಹಿಡಿದುಕೊಂಡೇ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಆಯಿ ನನ್ನ ಕೈಯನ್ನೇ ನೋಡಿ, “ತಮ್ಮಾ, ಸುಡೂದಿಲ್ಲವೋ ನಿನಗೆ?” ಎಂದಳು. ಲೋಟ ಕೆಳಗಿಟ್ಟು ನೋಡಿದರೆ ತೋರುಬೆರಳ ತುದಿಯಲ್ಲಿ ನೀರ್ಗುಳ್ಳೆ ಏಳುತ್ತಿತ್ತು. ನನಗೆ ನೋವಿರಲಿಲ್ಲ. ನೋವಿಲ್ಲವೆಂಬುದೇ ಅಂದು ನನ್ನನ್ನು ನಡುಗಿಸಿತು.

ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಹೋದಾಗ ಅಲ್ಲಿಯ ಶಸ್ತ್ರವೈದ್ಯರು ಒಂದು ಹತ್ತಿಯ ಎಳೆಯಿಂದ ನನ್ನ ಬೆರಳುಗಳನ್ನು ಸವರಿ, ಕಣ್ಣು ಮುಚ್ಚಿ ಉತ್ತರ ಹೇಳಲು ಹೇಳಿದರು. ಕಿರುಬೆರಳು ಬಲ್ಲದು, ಉಂಗುರಬೆರಳಿನ ಅರ್ಧ ಬಲ್ಲದು, ಉಳಿದರ್ಧ, ನಡುಬೆರಳು, ತೋರುಬೆರಳು, ಹೆಬ್ಬೆರಳು ಏನನ್ನೂ ಅರಿಯವು. ಹೆಬ್ಬೆರಳು ಅಂಗೈಯಿಂದ ಮೇಲೆದ್ದು ಇತರ ಬೆರಳುಗಳಿಗೆ ಎದುರಾಗಿ ನಿಲ್ಲಲಾರದು. “ಮಣಿಕಟ್ಟಿನ ನಡುನರ ಕಡಿದಿದೆ” ಎಂದರು. ಕಡ್ಡಿಸುಣ್ಣವನ್ನೂ ಲೇಖನಿಯನ್ನೂ ಹಿಡಿಯುವುದು ಆ ಮೂರು ಬೆರಳುಗಳೇ. ಅವನ್ನು ಬಿಟ್ಟರೆ ಅಧ್ಯಾಪಕನ ಬಲಗೈಯಲ್ಲಿ ಇನ್ನೇನು ಉಳಿಯಿತು?

ಅಪಘಾತವಾಗಿ ಹತ್ತನೆಯ ದಿನ, ಸೂಕ್ಷ್ಮದರ್ಶಕದಡಿಯಲ್ಲಿ, ತಲೆಗೂದಲಿಗಿಂತ ತೆಳ್ಳಗಿನ ದಾರದಿಂದ ಅವರು ನರದ ಎರಡು ತುದಿಗಳನ್ನು ಕೂಡಿಸಿದರು. ಮಾರನೆಯ ದಿನ ನಾನು ಕೇಳಿದ ಮೊದಲ ಪ್ರಶ್ನೆ, “ಇನ್ನು ಬೆರಳಿಗೆ ಯಾವಾಗ ತಿಳಿಯುತ್ತದೆ?” ಎಂಬುದು. ಅವರು ಮೆಲ್ಲನೆ ನಕ್ಕು, “ನಾನು ಹೊಲಿದದ್ದು ಹೊರಗಿನ ಕವಚವನ್ನು, ಮೇಷ್ಟ್ರೇ. ಒಳಗಿನ ತಂತುಗಳನ್ನು ಯಾರೂ ಹೊಲಿಯಲಾರರು. ಅವು ತಾವಾಗಿಯೇ ಬೆಳೆದು ಬರಬೇಕು. ದಿನಕ್ಕೆ ಒಂದು ಮಿಲಿಮೀಟರು” ಎಂದರು. ಮಣಿಕಟ್ಟಿನಿಂದ ತೋರುಬೆರಳ ತುದಿಗೆ ಅಳೆದುಕೊಂಡೆ. ಹೆಚ್ಚು ಕಡಿಮೆ ನೂರೆಂಬತ್ತು ಮಿಲಿಮೀಟರು. ಹೊಲಿಗೆಯನ್ನು ದಾಟಿ ಹೊರಡುವುದಕ್ಕೇ ತಿಂಗಳು ಬೇಕು ಎಂದಿದ್ದರು. ಹಾಗಾದರೆ ಏಳು ತಿಂಗಳು! ಎಡಗೈಯಿಂದ ಪುಟ ಮಗುಚುತ್ತ, ಈ ‘ತಾವಾಗಿಯೇ ಬೆಳೆಯುವ’ ತಂತುಗಳ ವಿಷಯವನ್ನು ನಾನು ಓದತೊಡಗಿದುದು ಆಗ.

ಕನ್ನಡದಲ್ಲಿ ‘ನರ’ ಎಂಬ ಮಾತು ಬಹಳ ಉದಾರವಾದುದು. ರಕ್ತನಾಳಕ್ಕೂ ನರವೆನ್ನುತ್ತೇವೆ, ಮಾಂಸವನ್ನು ಎಲುಬಿಗೆ ಬಿಗಿಯುವ ಕಟ್ಟುನಾರಿಗೂ ನರವೆನ್ನುತ್ತೇವೆ, ಅರಿವನ್ನು ಒಯ್ಯುವ ತಂತುವಿಗೂ ನರವೆನ್ನುತ್ತೇವೆ. ಇದು ನಮ್ಮೊಬ್ಬರ ಅಪರಾಧವಲ್ಲ. ಗ್ರೀಕರ ‘ನ್ಯೂರಾನ್’ ಎಂಬ ಮಾತಿಗೂ ಮೂಲದಲ್ಲಿ ಕಟ್ಟುನಾರು, ಬಿಲ್ಲಿನ ಹೆದೆ ಎಂಬುದೇ ಅರ್ಥ. ಹದಿನಾರನೆಯ ಶತಮಾನದಲ್ಲಿ ನಗಿರೆಯ ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವ ಕವಿ ‘ವೈದ್ಯಸಾಂಗತ್ಯ’ವನ್ನು ರಚಿಸಿದನು. ಶರಾವತಿಯ ದಡದ ಆ ರಾಜ್ಯ ನಮ್ಮೂರಿಗೆ ದೂರದ್ದಲ್ಲ. ಆದರೆ ಅವನ ಕಾಲದಲ್ಲಿ, ಲೋಕದ ಯಾವ ದೇಶದಲ್ಲಿಯೇ ಆಗಲಿ, ಕಣ್ಣಿಗೆ ಕಾಣುವ ಈ ಬಿಳಿಯ ಹುರಿಯೊಳಗೆ ಏನಿದೆಯೆಂದು ಬಲ್ಲವರಿರಲಿಲ್ಲ. ಅದು ಕಾಣಲು ಸೂಕ್ಷ್ಮದರ್ಶಕ ಬರಬೇಕಾಯಿತು.

ಆ ಹುರಿಯೊಳಗೆ ಸಾವಿರಾರು ಎಳೆಗಳಿವೆ. ಒಂದೊಂದು ಎಳೆಯೂ ಒಂದೊಂದು ಜೀವಕೋಶದ ಬಾಲ. ನನ್ನ ತೋರುಬೆರಳಿನ ಸ್ಪರ್ಶವನ್ನು ಒಯ್ಯುವ ಕೋಶದ ಒಡಲು ಇರುವುದು ಕತ್ತಿನ ಬೆನ್ನೆಲುಬಿನ ಪಕ್ಕದಲ್ಲಿ; ಗಾತ್ರದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲನ್ನೂ ಮೀರದು. ಅದರ ಎಳೆಯಾದರೋ ತೋಳಿನುದ್ದಕ್ಕೂ ಇಳಿದು ಬೆರಳ ತುದಿಯನ್ನು ಮುಟ್ಟುತ್ತದೆ. ಕಾಲ್ಬೆರಳಿಗೆ ಹೋಗುವ ಎಳೆ ಒಂದು ಮೀಟರಿನಷ್ಟು ಉದ್ದ. ಕೋಶದ ಒಡಲು ಒಂದು ಹೆಸರುಕಾಳಿನಷ್ಟಿದೆಯೆಂದು ಭಾವಿಸಿದರೆ, ಅದೇ ಪ್ರಮಾಣದಲ್ಲಿ ಬಾಲವು ಹತ್ತಾರು ಮೀಟರು ಚಾಚಿಕೊಂಡಿರಬೇಕು! ಇಷ್ಟು ಉದ್ದದ ಎಳೆಗೆ ತನ್ನದೇ ಆದ ಉಗ್ರಾಣ ಬಹುಮಟ್ಟಿಗೆ ಇಲ್ಲ. ಅದಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚಿನವು ಸಿದ್ಧವಾಗುವುದು ಒಡಲಿನಲ್ಲಿ. ಅವು ತಾವಾಗಿಯೇ ನೀರಿನಲ್ಲಿ ಬಣ್ಣ ಹರಡಿದಂತೆ ಹರಡಿಕೊಂಡು ಪಾದದ ತುದಿಗೆ ತಲುಪಬೇಕಾದರೆ ನೂರಾರು ವರ್ಷ ಹಿಡಿದೀತು. ಮನುಷ್ಯನ ಆಯುಷ್ಯ ಅಷ್ಟಿಲ್ಲ. ಆದುದರಿಂದ ಎಳೆಯೊಳಗೆ ಸಾಗಾಣಿಕೆ ಇರಲೇಬೇಕು.

ಇರುವುದೆಂದು ತೋರಿಸಿದ ಒಂದು ಸರಳ ಪ್ರಯೋಗ 1948ರದು. ಅಮೆರಿಕದ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ಎಂಬವರು ನರವೊಂದನ್ನು ಒಂದೆಡೆ ಬಿಗಿದು ಕಟ್ಟಿದರು. ಕೆಲವು ವಾರಗಳಲ್ಲಿ ಕಟ್ಟಿನ ಮೇಲ್ಭಾಗದಲ್ಲಿ, ಎಂದರೆ ಒಡಲಿನ ಕಡೆಗೆ, ಎಳೆಗಳು ಉಬ್ಬಿಕೊಂಡವು, ಕೆಳಭಾಗದಲ್ಲಿ ಸೊರಗಿದವು. ಅಡಕೆತೋಟದ ಕಾಲುವೆಗೆ ಕಟ್ಟ ಹಾಕಿದವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಕಟ್ಟನ್ನು ಬಿಚ್ಚಿದಾಗ ನಿಂತದ್ದು ಮೆಲ್ಲನೆ ಮುಂದಕ್ಕೆ ಸರಿಯಿತು. ಅದರ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರು. ಅಂದರೆ ನರವು ಹರಿಯುತ್ತಿದೆ. ದಾರವೆಂದು ಕಂಡದ್ದು ಧಾರೆಯೂ ಆಗಿತ್ತು. ಇದನ್ನು ಓದಿದ ದಿನ ನಮ್ಮೂರಿನ ನಿರುಕ್ತಿಯನ್ನು ನೆನೆದು ನಾನೊಬ್ಬನೇ ನಕ್ಕೆ.

ಮುಂದೆ ತಿಳಿದುಬಂದುದು ಇನ್ನೂ ಸೊಗಸಾದುದು. ಈ ಧಾರೆಯಲ್ಲಿ ನಿಧಾನದ ಹರಿವೂ ಉಂಟು, ತ್ವರಿತದ ಹರಿವೂ ಉಂಟು. ಎಳೆಯ ಹಂದರವನ್ನು ಕಟ್ಟುವ ಸಾಮಗ್ರಿ ದಿನಕ್ಕೆ ಒಂದೆರಡು ಮಿಲಿಮೀಟರಿನಂತೆ ತೆವಳಿದರೆ, ಪುಟ್ಟ ಚೀಲಗಳಲ್ಲಿ ತುಂಬಿದ ಸರಕು ದಿನಕ್ಕೆ ನಾನೂರು ಮಿಲಿಮೀಟರಿನವರೆಗೂ ಓಡುತ್ತದೆ. ಅದನ್ನು ಒಯ್ಯುವವರು ಯಾರೆಂಬುದನ್ನು ತಿಳಿಸಿಕೊಟ್ಟ ಪ್ರಾಣಿ ನಮ್ಮ ಕರಾವಳಿಯವರಿಗೆ ಚಿರಪರಿಚಿತ. ತದಡಿಯ ಬಂದರಿನಲ್ಲಿ ದೋಣಿಗಳು ಬಂದಾಗ ಬುಟ್ಟಿಗಳಲ್ಲಿ ಮಿರಮಿರನೆ ಹೊಳೆಯುತ್ತ ಬಿದ್ದಿರುತ್ತದಲ್ಲ, ಬೊಂಡಾಸ, ಅದರ ಜಾತಿಯದೇ. ಅಪಾಯ ಕಂಡಾಗ ಮೈಯನ್ನು ಹಿಂಡಿ ನೀರನ್ನು ಚಿಮ್ಮಿ ಹಿಂದಕ್ಕೆ ನೆಗೆಯುವ ಈ ಜೀವಿಗೆ, ಆ ನೆಗೆತಕ್ಕಾಗಿಯೇ, ಒಂದು ಮಿಲಿಮೀಟರಿನಷ್ಟು ದಪ್ಪವಾಗಬಲ್ಲ ನರತಂತುಗಳಿವೆ. ನಮ್ಮ ದೇಹದ ಎಳೆಗಳು ಅದರ ಐವತ್ತನೆಯ ಒಂದು ಪಾಲನ್ನೂ ಮೀರವು. ಇಂಗ್ಲೆಂಡಿನ ಜೆ. ಝಡ್. ಯಂಗ್ 1936ರಲ್ಲಿ ಈ ಮಹಾತಂತುವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಅದನ್ನೇ ಆಧಾರವಾಗಿಟ್ಟುಕೊಂಡು ನರದ ವಿದ್ಯುತ್ ಸಂದೇಶದ ಗುಟ್ಟನ್ನು ಬಿಡಿಸಿದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1963ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಈ ತಂತುವಿನೊಳಗಿನ ರಸವನ್ನು ಕೊಳವೆಯಿಂದ ಲೇಪವನ್ನು ಹಿಂಡಿದಂತೆ ಹೊರಗೆ ಹಿಂಡಿ ಗಾಜಿನ ಮೇಲಿಟ್ಟರೂ, ಅದರಲ್ಲಿನ ಸರಕು ಗಂಟೆಗಟ್ಟಲೆ ಚಲಿಸುತ್ತಲೇ ಇರುತ್ತದೆ. 1985ರಲ್ಲಿ ಅಮೆರಿಕದ ಕಡಲತಡಿಯ ವುಡ್ಸ್ ಹೋಲ್ ಎಂಬಲ್ಲಿ ರೊನಾಲ್ಡ್ ವೇಲ್, ತಾಮಸ್ ರೀಸ್, ಮೈಕೇಲ್ ಶೀಟ್ಸ್ ಮೊದಲಾದವರು ಅದರಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿ ‘ಕೈನೆಸಿನ್’ ಎಂದು ಹೆಸರಿಟ್ಟರು. ಇದೇ ಹೊರೆಯಾಳು. ಎಳೆಯ ಉದ್ದಕ್ಕೂ ಹಾಸಿದ ಸೂಕ್ಷ್ಮನಳಿಕೆಗಳೇ ಅದರ ದಾರಿ. ಎರಡು ಪಾದಗಳನ್ನು ಒಂದಾದ ಮೇಲೊಂದರಂತೆ ಊರುತ್ತ, ತಲೆಯ ಮೇಲೆ ಸರಕಿನ ಚೀಲವನ್ನು ಹೊತ್ತು ಅದು ನಡೆಯುತ್ತದೆ. ಒಂದೊಂದು ಹೆಜ್ಜೆ ಎಂಟು ನ್ಯಾನೊಮೀಟರು. ಒಂದು ಮಿಲಿಮೀಟರು ದೂರ ಹೋಗಲು ಒಂದು ಲಕ್ಷದ ಇಪ್ಪತ್ತೈದು ಸಾವಿರ ಹೆಜ್ಜೆ! ಘಟ್ಟದ ದಾರಿಯಲ್ಲಿ ಅಕ್ಕಿಮೂಟೆ ಹೊತ್ತ ನಮ್ಮ ಹಿಂದಿನವರು ಈ ಹೆಜ್ಜೆಯ ಲೆಕ್ಕವನ್ನು ಕೇಳಿದ್ದರೆ ತಮ್ಮ ಆಯಾಸವನ್ನು ಮರೆಯುತ್ತಿದ್ದರೇನೋ.

ಹೋದವನು ಬರಿಗೈಯಲ್ಲಿ ಮರಳುವಂತಿಲ್ಲ. ತುದಿಯಿಂದ ಒಡಲಿಗೆ ಬರುವ ಹೊರೆಯಾಳು ಬೇರೆ. ಅದರ ಹೆಸರು ‘ಡೈನೀನ್’. ಸವೆದ ಭಾಗಗಳನ್ನು ಮರಳಿ ತರುವುದು, ತುದಿಯ ಸಮಾಚಾರವನ್ನು ಒಡಲಿಗೆ ಮುಟ್ಟಿಸುವುದು ಅದರ ಕಾಯಕ. ಈ ಮರುದಾರಿಯನ್ನೇ ಶತ್ರುಗಳೂ ಬಳಸುತ್ತಾರೆ. ಹುಚ್ಚುನಾಯಿ ಕಚ್ಚಿದಾಗ ಗಾಯದಲ್ಲಿ ಬಿದ್ದ ವಿಷಾಣು ನರದ ತುದಿಯನ್ನು ಹೊಕ್ಕು, ಈ ಹೊರೆಯಾಳಿನ ಬೆನ್ನೇರಿ ಮಿದುಳಿನೆಡೆಗೆ ಪ್ರಯಾಣ ಮಾಡುತ್ತದೆ. ರೋಗ ತಲೆದೋರಲು ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಹಿಡಿಯುವುದಕ್ಕೆ ಈ ಪ್ರಯಾಣವೂ ಒಂದು ಕಾರಣ. ಗಾಯವನ್ನು ತಡಮಾಡದೆ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಕೂಡಲೇ ಚುಚ್ಚುಮದ್ದು ಪಡೆಯಬೇಕೆಂದು ವೈದ್ಯರು ಒತ್ತಿ ಹೇಳುವುದರ ಮರ್ಮವೂ ಇದೇ. ವಿಷಾಣು ದಾರಿ ಹಿಡಿಯುವ ಮೊದಲೇ ಅದನ್ನು ತಡೆಯಬೇಕು.

ಇಂತಹ ದಾರಿಯನ್ನು ಗಾಜು ಕಡಿದರೆ ಏನಾಗುತ್ತದೆ? ನನ್ನ ಮಣಿಕಟ್ಟಿನಲ್ಲಿ ಆದುದನ್ನೇ ಲಂಡನ್ನಿನ ವೈದ್ಯ ಆಗಸ್ಟಸ್ ವಾಲರ್ 1850ರಲ್ಲಿ ಕಪ್ಪೆಯ ನಾಲಗೆಯಲ್ಲಿ ಕಂಡನು. ಕಡಿದ ನರದ ಆಚೆಯ ಭಾಗ ಕೆಲವೇ ದಿನಗಳಲ್ಲಿ ತುಂಡುತುಂಡಾಗಿ ಅಳಿಯುತ್ತದೆ. ಒಡಲಿಗೆ ಅಂಟಿದ ಭಾಗ ಉಳಿಯುತ್ತದೆ. ಒಡಲೇ ಎಳೆಯನ್ನು ಪೋಷಿಸುವುದೆಂದು ಅವನು ಊಹಿಸಿದನು. ಆಚೆಯ ಭಾಗ ಹಸಿವಿನಿಂದ ಸಾಯುವುದೆಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. ಆದರೆ 1989ರಲ್ಲಿ ಒಂದು ಬಗೆಯ ಇಲಿಯಲ್ಲಿ, ಕಡಿದ ಎಳೆಗಳು ವಾರಗಳವರೆಗೆ ಬಾಡದೆ ಉಳಿಯುವುದು ಕಂಡುಬಂದಿತು. ಹಸಿವೇ ಕಾರಣವಾಗಿದ್ದರೆ ಅವೂ ಸಾಯಬೇಕಾಗಿತ್ತು. ಈಗ ತಿಳಿದಿರುವುದು ಇಷ್ಟು: ಒಡಲಿನಿಂದ ಬರುವ ಸರಕಿನಲ್ಲಿ ಅಲ್ಪಾಯುಷಿಯಾದ ಒಂದು ರಕ್ಷಕ ಪ್ರೋಟೀನು ಇದೆ, ಅದು ದಿನದಿನವೂ ಹೊಸದಾಗಿ ಬರುತ್ತಿರಬೇಕು. ಬರವು ನಿಂತು ಅದು ತೀರಿದೊಡನೆ, ಎಳೆಯಲ್ಲಿಯೇ ಮಲಗಿದ್ದ ‘ಸಾರ್ಮ್-1’ ಎಂಬ ಇನ್ನೊಂದು ಪ್ರೋಟೀನು ಎಚ್ಚತ್ತು ಎಳೆಯ ಶಕ್ತಿಯ ಮೂಲವನ್ನೇ ಸುಟ್ಟುಬಿಡುತ್ತದೆ. ಈ ವಿನಾಶಕನ ಪಾತ್ರ ಬೆಳಕಿಗೆ ಬಂದುದು 2012ರಲ್ಲಿ. ಧಾರೆ ನಿಂತುದೇ ಸಾವಿನ ಸಂಕೇತವೆಂದಾಯಿತು.

ಸಾವು ಒಂದು ಕಡೆ, ಸಿದ್ಧತೆ ಇನ್ನೊಂದು ಕಡೆ. ಎಳೆಗೆ ಕವಚವಾಗಿದ್ದ ಶ್ವಾನ್ ಕೋಶಗಳು ಸಾಯುವುದಿಲ್ಲ. ಅಳಿದ ಭಾಗವನ್ನು ರಕ್ತದಿಂದ ಬಂದ ಭಕ್ಷಕ ಕೋಶಗಳೊಡನೆ ಸೇರಿ ಗುಡಿಸಿ, ಸಾಲಾಗಿ ನಿಂತು, ಬರಲಿರುವ ಹೊಸ ಎಳೆಗೆ ಓಣಿಯನ್ನು ಮಾಡಿಕೊಡುತ್ತವೆ. ಅದನ್ನು ಕರೆಯುವ ಪೋಷಕ ದ್ರವ್ಯಗಳನ್ನು ಸುರಿಸುತ್ತವೆ. ಇತ್ತ, ಗಾಯದ ಸುದ್ದಿಯನ್ನು ಡೈನೀನ್ ಒಡಲಿಗೆ ಮುಟ್ಟಿಸುತ್ತದೆ. ಒಡಲು ತನ್ನ ನಿತ್ಯದ ಸಂದೇಶಕಾರ್ಯವನ್ನು ಬದಿಗಿಟ್ಟು ಕಟ್ಟಡದ ಕೆಲಸಕ್ಕೆ ತೊಡಗುತ್ತದೆ. ಉಳಿದ ಮೊಟಕು ಎಳೆಯ ತುದಿಯಲ್ಲಿ ಒಂದು ಮೊಳಕೆ ಮೂಡುತ್ತದೆ. ಬೆಳೆಯುವ ಈ ಮೊನೆಯನ್ನು ಕೋಳಿಯ ಭ್ರೂಣದಲ್ಲಿ ಮೊದಲು ಗುರುತಿಸಿದವನು ಸ್ಪೇನಿನ ರಮೋನ್ ಇ ಕಹಾಲ್. ಅದು 1890ರ ಮಾತು. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ತುಣುಕನ್ನು ಹೆಪ್ಪುಗಟ್ಟಿದ ದುಗ್ಧರಸದ ಹನಿಯಲ್ಲಿಟ್ಟು, ಎಳೆ ಬೆಳೆಯುವುದನ್ನು ಕಣ್ಣಾರೆ ಕಂಡನು. ಮೊನೆಯು ಅಂಗೈಯಂತೆ ಹರಡಿಕೊಂಡು, ಸಣ್ಣ ಬೆರಳುಗಳನ್ನು ಚಾಚಿ ಹಿಂತೆಗೆದು ತಡವುತ್ತ ಮುಂದುವರಿಯುತ್ತದೆ. ಹಿತವಾದೆಡೆಗೆ ತಿರುಗುತ್ತದೆ, ಅಹಿತವಾದುದನ್ನು ಬಿಡುತ್ತದೆ. ಅದರ ಹಿಂದೆ ನಳಿಕೆಗಳ ದಾರಿ ಹಾಸಿಕೊಳ್ಳುತ್ತದೆ. ಆ ನಳಿಕೆಗಳಿಗೆ ಬೇಕಾದ ಸಾಮಗ್ರಿ ಬರುವುದು ನಿಧಾನದ ಹರಿವಿನಲ್ಲಿ. ನರ ಬೆಳೆಯುವ ವೇಗ ದಿನಕ್ಕೆ ಒಂದು ಮಿಲಿಮೀಟರು ಎಂಬುದೂ, ಆ ಹರಿವಿನ ವೇಗ ಹೆಚ್ಚು ಕಡಿಮೆ ಅಷ್ಟೇ ಎಂಬುದೂ ಎಷ್ಟು ಚೆನ್ನಾಗಿ ಹೊಂದುತ್ತವೆ! ಕಲ್ಲು ಬಂದಷ್ಟೇ ಗೋಡೆ ಏಳುತ್ತದೆ.

ಪ್ರತಿ ತಿಂಗಳೂ ವೈದ್ಯರು ನನ್ನ ಅಂಗೈಯ ಮೇಲೆ ಬೆರಳಿನಿಂದ ಮೆಲ್ಲನೆ ತಟ್ಟುತ್ತ ಬರುತ್ತಿದ್ದರು. ಒಂದೆಡೆ ತಟ್ಟಿದಾಗ, ಅರಿವೇ ಇಲ್ಲದ ಬೆರಳುಗಳಲ್ಲಿ ಇರುವೆ ಹರಿದಂತೆ ಜುಮ್ಮೆನ್ನುತ್ತಿತ್ತು. ಹೊಸ ಮೊನೆಗಳು ಅಲ್ಲಿಗೆ ಬಂದಿವೆಯೆಂದು ಅದರ ಅರ್ಥ. ಇದನ್ನು 1915ರಲ್ಲಿ, ಮಹಾಯುದ್ಧದ ಗಾಯಾಳುಗಳನ್ನು ನೋಡುತ್ತಿದ್ದ ಫ್ರಾನ್ಸಿನ ಟಿನೆಲ್ ಎಂಬ ವೈದ್ಯನು ವಿವರಿಸಿದನಂತೆ. ಅವರು ಅಲ್ಲಿ ಶಾಯಿಯಿಂದ ಒಂದು ಗೆರೆ ಎಳೆಯುತ್ತಿದ್ದರು. ನವರಾತ್ರಿಯ ಹೊತ್ತಿಗೆ ಗೆರೆ ಅಂಗೈಯನ್ನು ಹೊಕ್ಕಿತ್ತು.

ಈ ನಡುವಣ ತಿಂಗಳುಗಳಲ್ಲಿ ಅರಿವಿಲ್ಲದ ಕೈಯನ್ನು ಕಾಯುವುದೇ ದೊಡ್ಡ ಕೆಲಸವಾಯಿತು. ಕಣ್ಣೇ ಬೆರಳಿಗೆ ಕಾವಲು. ಬಿಸಿ ಪಾತ್ರೆ, ಬಾಗಿಲ ಸಂದು, ಮೆಟ್ಟುಗತ್ತಿ ಎಲ್ಲವೂ ಶತ್ರುಗಳು. ಆಗ ನನಗೆ ಪದೇ ಪದೇ ನೆನಪಿಗೆ ಬರುತ್ತಿದ್ದವನು, ನಾನು ಹುಡುಗನಾಗಿದ್ದಾಗ ಜಾತ್ರೆಯ ದಿನ ದೇವಸ್ಥಾನದ ಹೊರಗೆ ಕುಳಿತಿರುತ್ತಿದ್ದ ಒಬ್ಬ ಕುಷ್ಠರೋಗಿ. ಅವನ ಕೈಗಳಲ್ಲಿ ಬೆರಳುಗಳು ಮೊಟಕಾಗಿದ್ದವು. ಅವನಿಗೆ ದೂರದಿಂದಲೇ ಕರಟದಲ್ಲಿ ಕಾಫಿ ಸುರಿಯುತ್ತಿದ್ದರು. ಬಿಸಿಯಾದುದನ್ನು ಅವನು ಹಾಗೆಯೇ ಹಿಡಿದು ಕುಡಿಯುತ್ತಿದ್ದನು. ರೋಗವು ಅವನ ಬೆರಳುಗಳನ್ನು ತಿಂದಿದೆಯೆಂದು ನಮಗೆ ಹೇಳಿದ್ದರು. ನಾವು ಹುಡುಗರು ಅವನನ್ನು ಕಂಡು ಓಡುತ್ತಿದ್ದೆವು. ಅವನು ಬಿಸಿಯನ್ನು ಹಿಡಿಯಬಲ್ಲನೆಂಬುದು ನಮಗೊಂದು ವಿನೋದವೂ ಆಗಿತ್ತು.

ನನ್ನ ಬೆರಳಿನ ನೀರ್ಗುಳ್ಳೆಯನ್ನು ನೋಡಿದ ದಿನ ನನಗೆ ನಿಜ ತಿಳಿಯಿತು. ನಾರ್ವೆಯ ಹ್ಯಾನ್‌ಸೆನ್ 1873ರಲ್ಲಿ ಕಂಡುಹಿಡಿದ ಕುಷ್ಠದ ಸೂಕ್ಷ್ಮಾಣು, ನರದ ಕವಚವಾದ ಆ ಶ್ವಾನ್ ಕೋಶಗಳಲ್ಲಿಯೇ ಮನೆಮಾಡುತ್ತದೆ. ಅದರಿಂದ ಒಳಗಿನ ಎಳೆಗಳು ಹಾಳಾಗುತ್ತವೆ. ಬೆರಳುಗಳು ಮೊಟಕಾಗುವುದು ಬಹುಮಟ್ಟಿಗೆ ಆಮೇಲಿನ ಗಾಯಗಳಿಂದ, ನೋವು ಎಚ್ಚರಿಸದ ಸುಟ್ಟಗಾಯಗಳಿಂದ, ಹುಣ್ಣುಗಳಿಂದ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಇದನ್ನು ತಮ್ಮ ರೋಗಿಗಳ ಕೈಗಳನ್ನೇ ತಾಳ್ಮೆಯಿಂದ ಗಮನಿಸಿ ಅರಿತರು. ಬಲವಿರುವ ಸ್ನಾಯುಗಳ ಕಟ್ಟುನಾರುಗಳನ್ನು ಬಲವಿಲ್ಲದ ಬೆರಳುಗಳಿಗೆ ಜೋಡಿಸಿ, ಮಡಿಸಿಹೋದ ಕೈಗಳನ್ನು ಮತ್ತೆ ಬಿಡಿಸಿದರು. ಅದಕ್ಕೂ ಎಷ್ಟೋ ಮೊದಲು, ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಔಷಧ ಕೊಡತೊಡಗಿದ ಫಾದರ್ ಆಗಸ್ಟಸ್ ಮುಲ್ಲರ್, ಊರು ಹೊರಗಿಟ್ಟ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದ್ದರು. 1980ರ ದಶಕದಿಂದ ಬಹು ಔಷಧಗಳ ಚಿಕಿತ್ಸೆ ಬಂದು ರೋಗ ಪೂರ್ತಿಯಾಗಿ ಗುಣವಾಗುವಂತಾಯಿತು; ಔಷಧ ಉಚಿತವಾಗಿಯೂ ದೊರೆಯುತ್ತದೆ. ಆದರೆ ಬಹುಕಾಲ ಹಾಳಾದ ನರವನ್ನು ಔಷಧ ಮರಳಿ ಕೊಡಲಾರದು. ಚರ್ಮದ ಮೇಲೆ ಅರಿವಿಲ್ಲದ ಮಚ್ಚೆಯೊಂದು ಕಂಡಾಗಲೇ ತೋರಿಸಬೇಕೆನ್ನುವುದು ಅದಕ್ಕಾಗಿ. ನಾವು ಓಡಿಹೋದದ್ದು ಸಾಂಕ್ರಾಮಿಕದ ಭಯದಿಂದ ಎನ್ನಬಹುದು. ನಕ್ಕದ್ದಕ್ಕೆ ಮಾತ್ರ ನನ್ನಲ್ಲಿ ಸಮಾಧಾನವಿಲ್ಲ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಶಿರಸಿಯ ಕಡೆಯ ಒಬ್ಬ ಕೊನೆಗೌಡರಿದ್ದರು. ಅಡಕೆಮರದಿಂದ ಮರಕ್ಕೆ ತೂಗಿ ದಾಟುತ್ತ ಕೊನೆ ಕೊಯ್ಯುವಾಗ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಚಲನೆಯಿಲ್ಲ. ನನ್ನ ಅಂಗೈಯ ಶಾಯಿಯ ಗೆರೆಯ ಕಥೆಯನ್ನು ಕೇಳಿ ಅವರು, “ಹಂಗಾದ್ರೆ ನಂದೂ ದಿನಾ ಇಷ್ಟಿಷ್ಟೇ ಬೆಳೀತದಲ್ರಾ?” ಎಂದು ಕೇಳಿದರು. ನಾನು ಉತ್ತರಿಸಲಾರದೆ ಹೋದೆ. ಕೈಯ ನರದಲ್ಲಿ ಬೆಳೆಯುವ ಎಳೆ ಬೆನ್ನುಹುರಿಯಲ್ಲಿ ಬೆಳೆಯುವುದಿಲ್ಲ. ಅಲ್ಲಿ ಕವಚ ಹೊದಿಸುವ ಕೋಶಗಳ ಜಾತಿಯೇ ಬೇರೆ. ಅವು ಓಣಿ ಮಾಡಿಕೊಡುವುದಿರಲಿ, ಅವುಗಳ ಕವಚದಲ್ಲಿಯೇ ಬೆಳವಣಿಗೆಯನ್ನು ತಡೆಯುವ ದ್ರವ್ಯಗಳಿವೆ; ಗಾಯದ ಸುತ್ತ ಕಟ್ಟುವ ಕಲೆಯೂ ಅಡ್ಡಗೋಡೆಯಾಗುತ್ತದೆ; ಎಳೆಗಳಲ್ಲಿಯೂ ಹಿಂದಿನ ಬೆಳೆಯುವ ಹುರುಪು ಉಳಿದಿರುವುದಿಲ್ಲ. ಆದರೆ ಅವು ಎಂದೆಂದಿಗೂ ಬೆಳೆಯಲಾರವೆಂಬುದು ನಿಜವಲ್ಲ. 1980ರ ಸುಮಾರಿನಲ್ಲಿ ಕೆನಡದ ಮಾಂಟ್ರಿಯಲ್ಲಿನಲ್ಲಿ ಆಲ್ಬರ್ಟ್ ಅಗ್ವಾಯೊ ಮತ್ತು ಅವರ ಸಂಗಡಿಗರು, ಇಲಿಯ ಕಾಲಿನ ನರದ ತುಂಡನ್ನು ಬೆನ್ನುಹುರಿಗೆ ಸೇತುವೆಯಂತೆ ಜೋಡಿಸಿದಾಗ, ಬೆನ್ನುಹುರಿಯ ಎಳೆಗಳು ಆ ಸೇತುವೆಯೊಳಗೆ ಸೆಂಟಿಮೀಟರುಗಳಷ್ಟು ಬೆಳೆದವು. ದಾರಿ ಹಿತವಾಗಿದ್ದರೆ ಅವೂ ನಡೆಯಬಲ್ಲವು. ಆ ದಾರಿಯನ್ನು ಮನುಷ್ಯನಲ್ಲಿ ಮಾಡಿಕೊಡುವ ಚಿಕಿತ್ಸೆ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಗೌಡರಿಗೆ ಇದನ್ನೆಲ್ಲ ನಾನು ಹೇಳಲಿಲ್ಲ. ಹೇಳಬೇಕಾಗಿತ್ತೋ ಬೇಡವೋ ಇಂದಿಗೂ ತಿಳಿಯದು. ನಾನು ಹೊರಡುವ ದಿನ ಅವರು ನನ್ನ ಅಂಗೈಯನ್ನು ತೆಗೆದುಕೊಂಡು ಗೆರೆಯನ್ನು ಒಮ್ಮೆ ಮುಟ್ಟಿ ನೋಡಿದರು.

ಈ ವಿದ್ಯೆ ದೂರದೇಶಗಳ ಸೊತ್ತಾಗಿಯೇ ಉಳಿದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಅನಂತರ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಸಂಧ್ಯಾ ಕೌಶಿಕ ಅವರು, ಒಂದೇ ಮಿಲಿಮೀಟರು ಉದ್ದದ ಪಾರದರ್ಶಕ ಹುಳುವಿನ ಜೀವಂತ ನರಗಳಲ್ಲಿ ಸರಕು ಸಾಗುವುದನ್ನು ನೋಡುತ್ತ ಬಂದಿದ್ದಾರೆ. ಕೆಲವೆಡೆ ಸರಕಿನ ಚೀಲಗಳು ಒತ್ತೊತ್ತಾಗಿ ನಿಂತು ದಾರಿ ಕಟ್ಟಿಕೊಳ್ಳುವುದನ್ನೂ ಅವರ ತಂಡ ತೋರಿಸಿಕೊಟ್ಟಿದೆ. ಮಳೆಗಾಲದಲ್ಲಿ ನಮ್ಮ ಹೆದ್ದಾರಿಯ ಲಾರಿಗಳ ಸಾಲನ್ನು ನೋಡಿದವರಿಗೆ ಇದು ಹೊಸದೆನಿಸದು. ಮುಪ್ಪಿನಲ್ಲಿ ಬರುವ ಹಲವು ನರರೋಗಗಳಲ್ಲಿ ಈ ಸಾಗಾಣಿಕೆಯೇ ಕುಂಟುವುದು ಕಂಡುಬಂದಿರುವುದರಿಂದ, ಹುಳುವಿನ ಈ ಅಧ್ಯಯನ ಕೇವಲ ಕುತೂಹಲದ ಮಾತಲ್ಲ.

ಶಿವರಾತ್ರಿಗೆ ಊರಿಗೆ ಬಂದಾಗ ತೋರುಬೆರಳ ತುದಿಗೆ ಅರಿವು ಬಂದಿತ್ತು. ಆದರೆ ಎಂತಹ ಅರಿವು! ತೋರುಬೆರಳನ್ನು ಮುಟ್ಟಿದರೆ ನಡುಬೆರಳನ್ನು ಮುಟ್ಟಿದಂತೆ. ಎಳೆಗಳು ಬೆಳೆದು ಬಂದಿವೆ, ಆದರೆ ಹಲವು ತಮ್ಮ ಹಳೆಯ ಮನೆಯನ್ನು ತಪ್ಪಿ ನೆರೆಮನೆಯನ್ನು ಹೊಕ್ಕಿವೆ. ಇದನ್ನು ಹೊಲಿಗೆ ಸರಿಪಡಿಸಲಾರದು. ಮಿದುಳು ಹೊಸ ವಿಳಾಸಗಳನ್ನು ಕಲಿಯಬೇಕು. ಕಲಿಯುವ ದಾರಿ ಅಭ್ಯಾಸವೊಂದೇ. ಕಣ್ಣು ಮುಚ್ಚಿ ವಸ್ತುಗಳನ್ನು ಮುಟ್ಟಿ ಹೇಳಬೇಕು, ತಪ್ಪಿದರೆ ಕಣ್ಣು ತೆರೆದು ನೋಡಬೇಕು, ಮತ್ತೆ ಮುಚ್ಚಬೇಕು.

ಆಯಿ ಒಂದು ಹರಿವಾಣದಲ್ಲಿ ಅಕ್ಕಿ, ಹೆಸರು, ಉದ್ದು, ಕೊತ್ತಂಬರಿ, ಮೆಂತೆ ಇಟ್ಟುಕೊಂಡು ಜಗಲಿಯ ಮೇಲೆ ನನ್ನೆದುರು ಕುಳಿತಳು. ನಾನು ಐದು ವರ್ಷದವನಾಗಿದ್ದಾಗ ಇದೇ ಜಗಲಿಯಲ್ಲಿ, ಅಕ್ಕಿಯಲ್ಲಿ ನನ್ನ ಇದೇ ತೋರುಬೆರಳನ್ನು ಹಿಡಿದ್ದು ಅಕ್ಷರ ಬರೆಸಿದ್ದಳು. ಈಗ ನಾನು ಕಣ್ಣು ಮುಚ್ಚಿದೆ. ಅವಳು ಒಂದು ಕಾಳನ್ನು ಬೆರಳ ಮೇಲಿಟ್ಟಳು. ಅಕ್ಕಿ ಎಂದೆ, ಹೌದೆಂದಳು. ಕೊತ್ತಂಬರಿ ತಿಳಿಯಿತು. ಹೆಸರಿಗೂ ಉದ್ದಿಗೂ ಭೇದ ತಿಳಿಯಲಿಲ್ಲ. ಮತ್ತೆ ಇಟ್ಟಳು. ಮತ್ತೆ ತಪ್ಪಿದೆ.

ಇಂದು ಕಡ್ಡಿಸುಣ್ಣ ಹಿಡಿಯುತ್ತೇನೆ, ಈ ಲೇಖನವನ್ನು ನನ್ನ ಕೈಯಿಂದಲೇ ಬರೆದಿದ್ದೇನೆ. ಅಕ್ಷರ ಮೊದಲಿನಷ್ಟು ದುಂಡಗಿಲ್ಲ. ಹೆಸರು ಯಾವುದು, ಉದ್ದು ಯಾವುದು ಎಂಬುದು ಹತ್ತಕ್ಕೆ ಆರು ಸಲ ಸರಿಯಾಗುತ್ತದೆ. ರಜೆಗೆ ಊರಿಗೆ ಹೋದಾಗ ಆಯಿ ಈಗಲೂ ಆ ಹರಿವಾಣವನ್ನು ಹೊರಗೆ ತರುತ್ತಾಳೆ.